ಹಲ್ಲಿ, ಅಳ್ಳಿ, ಹಳ್ಳಿ

ಅಂಬ್ರೀನ್ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಾಳೆ ಎಂದರೆ ಕೇಳಿದವರು ಒಂದು ಗಳಿಗೆ ತಡೆದು, ‘ಉರ್ದು ಮೇಡಂ ಇರ್ಬೇಕು’ ಎಂದು ತಾವೇ ತಿದ್ದಿಕೊಳ್ಳುತ್ತಾರೆ. ಕುಣಿಗಲ್ಲಿನ ಬಸ್‌ಸ್ಟ್ಯಾಂಡಿನಲ್ಲೂ ಆಗಿದೆ, ತುಮಕೂರಿನಲ್ಲಿ ಗೆಳತಿಯ ಮದುವೆಯ ಊಟದ ಸಾಲಿನಲ್ಲೂ ಆಗಿದೆ. ಅವಳೇನು ಬಿಡುವವಳಲ್ಲ. ‘ಉರ್ದು ಅಲ್ಲ, ಕನ್ನಡಾನೇ’ ಎನ್ನುತ್ತಾಳೆ, ಆ ‘ನೇ’ಯನ್ನು ಬೇಕೆಂದೇ ಸ್ವಲ್ಪ ಎಳೆದು.

ಅವಳು ಹುಟ್ಟಿ ಬೆಳೆದದ್ದು ಗುಬ್ಬಿಯಲ್ಲಿ. ಅಪ್ಪ ಗುಲಾಮ್ ನಬಿ ಹಾಸಿಗೆ ಹೊಲಿಯುವವರು. ಅಂಗಡಿಯಲ್ಲಿ ಗಿರಾಕಿಗಳ ಜೊತೆ ಕನ್ನಡ, ಹಿಂದಿನ ಬಾಗಿಲು ದಾಟಿ ಮನೆಯೊಳಗೆ ಬಂದರೆ ದಖನಿ ಉರ್ದು. ಏಳನೇ ಕ್ಲಾಸಿನವರೆಗೆ ಅವಳು ಓದಿದ್ದು ಉರ್ದು ಶಾಲೆಯಲ್ಲಿ. ಎಂಟನೆಯದಕ್ಕೆ ಕನ್ನಡ ಮೀಡಿಯಂ ಹೈಸ್ಕೂಲಿಗೆ ಸೇರಿದಳು. ಮೊದಲ ವಾರವೇ ಪಾಠ ಓದುವ ಸರದಿ ಬಂತು. ಹೊಸ ಹುಡುಗಿ ಎದ್ದು ನಿಂತು, ತಾನೇನು ಕಡಿಮೆ ಎಂಬಂತೆ ಗಟ್ಟಿಯಾಗಿ ಓದಿದಳು: ‘ರಜೆಯಲ್ಲಿ ನಾವು ಹಲ್ಲಿಗೆ ಹೋದೆವು. ಹಲ್ಲಿಯ ಜನ ನಮಗೆ ಊಟ ಬಡಿಸಿದರು.’

ಉರ್ದುವಿನಲ್ಲಿ ‘ಳ’ ಇಲ್ಲ. ಅದುವರೆಗೂ ಅದರ ಕೊರತೆ ಅವಳಿಗೆ ಗೊತ್ತೇ ಆಗಿರಲಿಲ್ಲ. ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಂದಿನಿಂದ ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಅವಳ ಹೆಸರು ಹಲ್ಲಿ. ಗೋಡೆಯ ಮೇಲೆ ಎಲ್ಲಾದರೂ ಹಲ್ಲಿ ಲೊಚಗುಟ್ಟಿದರೆ ಸಾಕು, ಮೂವತ್ತು ತಲೆಗಳು ಅವಳ ಕಡೆ ತಿರುಗುತ್ತಿದ್ದವು.

ನಗದೇ ಇದ್ದವರು ಕನ್ನಡದ ಸುಬ್ಬಲಕ್ಷ್ಮಮ್ಮ ಮಿಸ್ ಒಬ್ಬರೇ. ಮಧ್ಯಾಹ್ನ ಊಟದ ಹೊತ್ತಿಗೆ ಕರೆದು ಎದುರಿಗೆ ಕೂರಿಸಿಕೊಂಡರು.

‘ನಾಲಿಗೆ ತುದೀನ ಹಿಂದಕ್ಕೆ ಮಡಚು ಮಗು. ಮೇಲೆ ಬಾಯಂಗಳಕ್ಕೆ ತಾಗ್ಸು. ಈಗ ಬಿಡು. ಅಂಗಳ ಅನ್ನು.’

ಅಂಗಳ, ಬಾಳೆ, ಕೋಳಿ, ಮಳೆ. ಅಂಗಡಿಯ ಹತ್ತಿ ರಾಶಿಯ ಮೇಲೆ ಕೂತು ಅವಳು ಸಂಜೆಯೆಲ್ಲ ನಾಲಿಗೆ ಮಡಚುತ್ತಿದ್ದಳು. ತಿಂಗಳು ಕಳೆಯುವುದರೊಳಗೆ ‘ಳ’ ಅವಳದಾಯಿತು. ಅವಳಿಗೆ ಛಲ ಹತ್ತಿಕೊಂಡದ್ದೂ ಆಗಲೇ. ಮುಂದೆ ತುಮಕೂರಿಗೆ ಹೋಗಿ ಕನ್ನಡದಲ್ಲೇ ಎಂ.ಎ. ಮಾಡಿದಳು, ಬಿ.ಇಡಿ. ಮುಗಿಸಿದಳು. ಊರಾಚೆಯ ನೆಂಟರು ಬಂದರೆ, ‘ಬೇಡ’ ಎನ್ನಲು ‘ನಕ್ಕೊ’ ಎನ್ನುವ ಇವರ ಮನೆಯ ಉರ್ದುವೂ ಒಂದು ಉರ್ದುವೇ ಎಂದು ನಗುವರು. ಹೊರಗೆ ಕೆಲವರು ಇವರ ಕನ್ನಡವನ್ನು ‘ನಮ್ದೂಕೆ ನಿಮ್ದೂಕೆ’ ಎಂದು ಅಣಕಿಸುವರು. ಹಾಗೆ ಮಾತಾಡುವ ಒಂದು ನರಪಿಳ್ಳೆಯನ್ನೂ ಅಂಬ್ರೀನ್ ಈ ಜನ್ಮದಲ್ಲಿ ಕಂಡಿಲ್ಲ. ಅದು ಯಾವ ಬೀದಿಯ ಭಾಷೆಯೋ, ಅಣಕಿಸುವವರೇ ಹೇಳಬೇಕು.

ಮದುವೆಯಾಗಿ ಕುಣಿಗಲ್ಲಿಗೆ ಬಂದಳು. ಗಂಡ ಝುಬೇರ್ ಬೈಕಿನ ಬಿಡಿಭಾಗಗಳ ಅಂಗಡಿಯವನು. ಮೂರು ವರ್ಷದಿಂದ ಅಮೃತೂರು ಕಡೆಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಅವಳು ಅತಿಥಿ ಶಿಕ್ಷಕಿ. ಹೆಸರಿಗೆ ತಕ್ಕಂತೆ ಅತಿಥಿಯೇ. ಪ್ರತಿ ಜೂನ್‌ನಲ್ಲಿ ಹೆಡ್‌ಮಾಸ್ಟರೂ ಶಾಲಾ ಸಮಿತಿಯವರೂ ಹೂಂ ಎಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ಈ ಜೂನ್‌ನಲ್ಲಿ ಸಮಿತಿಗೆ ಹೊಸಬರಾಗಿ ಬಂದವರು ತೆಂಗಿನ ತೋಟದ ಓಬಳಯ್ಯ. ಅವರ ಮಗಳು ಸಂಧ್ಯಾ ಒಂಬತ್ತನೇ ಕ್ಲಾಸು. ಅಂಬ್ರೀನ್ ಸ್ಟಾಫ್‌ರೂಮಿಗೆ ಹೋಗುತ್ತಿದ್ದಾಗ ಹೆಡ್‌ಮಾಸ್ಟರ್ ಅನಂತರಾಜು ಅವರ ಕೋಣೆಯಿಂದ ಓಬಳಯ್ಯನ ಮಾತು ಕಿವಿಗೆ ಬಿತ್ತು.

‘ಆಯಮ್ಮನ್ ಮ್ಯಾಲೆ ನಂಗೇನೂ ಸಿಟ್ಟಿಲ್ಲ ಸಾ. ಆದ್ರೆ ಮನೇಲಿ ಕನ್ನಡ ಆಡ್ದೇ ಇರೋರು ನಮ್ ಮಕ್ಳಿಗೆ ಏನ್ ಕನ್ನಡ ಏಳ್ಕೊಟ್ಟಾರು? ನನ್ ಮಗ್ಳು ಓದ ವರ್ಸದಿಂದ ಕ್ಲಾಸಲ್ಲಿ ಬಾಯೇ ಬುಡ್ತಿಲ್ವಂತೆ. ಬ್ಯಾರೆಯವ್ರನ್ನ ನೋಡಿ.’

ಅನಂತರಾಜು ಜಗಳವೆಂದರೆ ಹತ್ತು ಮಾರು ದೂರ ನಿಲ್ಲುವ ಮನುಷ್ಯ. ಆದರೂ ಆ ದಿನ ಒಂದು ಒಳ್ಳೆಯ ಮಾತಾಡಿದರು. ‘ನಾಳೆ ಬಂದು ಅವ್ರ ಕ್ಲಾಸಲ್ಲಿ ಕೂತ್ಕೊಳಿ ಓಬಳಯ್ಯನೋರೇ. ಆಮೇಲೆ ನೀವೇ ಹೇಳಿ, ನೀವು ಹೇಳ್ದಂಗೇ ಮಾಡೋಣ.’

ಅಂಬ್ರೀನ್‌ಗೆ ಮೈಯೆಲ್ಲ ಉರಿಯಿತು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಕೂತು ಹಳಗನ್ನಡದ ಪದ್ಯಗಳನ್ನು ಒಂದೊಂದಾಗಿ ನೆನೆಸಿಕೊಂಡಳು. ನಾಳೆ ಅಂಥದೊಂದು ಪದ್ಯ ತೆಗೆದು, ಬಿಡಿಸಿ, ಅರ್ಥ ಹೇಳಿ, ಓಬಳಯ್ಯನ ಬಾಯಿ ಮುಚ್ಚಿಸಬೇಕು. ಅಷ್ಟು ಕನ್ನಡ ಅವಳ ಹತ್ತಿರ ಇತ್ತು, ಇನ್ನೂ ಬೇಕಾದಷ್ಟಿತ್ತು.

ಮಾರನೆಯ ದಿನ ಓಬಳಯ್ಯ ಕೊನೆಯ ಬೆಂಚಿನಲ್ಲಿ ಮೊಣಕಾಲು ತುರುಕಲಾಗದೆ ಅಡ್ಡಡ್ಡ ಕೂತಿದ್ದರು. ಬಾಗಿಲ ಬಳಿ ಕುರ್ಚಿಯಲ್ಲಿ ಅನಂತರಾಜು. ಮುಂದಿನ ಬೆಂಚಿನಲ್ಲಿ ಸಂಧ್ಯಾ ತಲೆ ತಗ್ಗಿಸಿಕೊಂಡಿದ್ದಳು. ಹೋದ ವರ್ಷ ಶಾಲೆಯ ಕಾರ್ಯಕ್ರಮದಲ್ಲಿ ಈ ಹುಡುಗಿ ಮೈಕಿನ ಮುಂದೆ ‘ನಾನೊಂದು ಆಡು ಹೇಳ್ತೀನಿ’ ಎಂದಿದ್ದಳು. ಬಂದ ಅತಿಥಿಯೊಬ್ಬರು ‘ಆಡಾ, ಮೇಕೆನಾ?’ ಎಂದು ಮೈಕಿನಲ್ಲೇ ಕೇಳಿ ನಕ್ಕಿದ್ದರು. ಅಲ್ಲಿಂದಾಚೆಗೆ ಅವಳ ಬಾಯಿ ಕಟ್ಟಿಹೋಯಿತು.

ಆ ತಗ್ಗಿದ ತಲೆ ನೋಡಿದ ಮೇಲೆ ಅಂಬ್ರೀನ್‌ಗೆ ಹಳಗನ್ನಡ ಬೇಡವಾಯಿತು. ಪುಸ್ತಕ ಮುಚ್ಚಿ ಬೋರ್ಡಿನ ಮೇಲೆ ದೊಡ್ಡದಾಗಿ ‘ಹಲ್ಲಿ’ ಎಂದು ಬರೆದಳು.

‘ಇದು ನನ್ನ ಹೆಸ್ರು. ಹೈಸ್ಕೂಲಲ್ಲಿ ನನ್ನ ಹೀಗೇ ಕರೀತಿದ್ರು’ ಎಂದು ಶುರುಮಾಡಿ ಎಲ್ಲವನ್ನೂ ಹೇಳಿದಳು. ಊಟ ಬಡಿಸಿದ ಹಲ್ಲಿಯ ಜನರನ್ನೂ ಬಿಡಲಿಲ್ಲ. ಮಕ್ಕಳು ನಕ್ಕರು, ಅವಳೂ ನಕ್ಕಳು. ಕೊನೆಯ ಬೆಂಚಿನಲ್ಲಿ ಓಬಳಯ್ಯನ ಮೀಸೆಯಡಿ, ಸಿಕ್ಕಿಬಿದ್ದಳು ಎನ್ನುವಂಥ ನಗು ಮೂಡಿದ್ದು ಅವಳಿಗೆ ಕಾಣಿಸಿತು. ಆದರೂ ನಿಲ್ಲಿಸಲಿಲ್ಲ. ‘ಹಲ್ಲಿ’ಯ ಪಕ್ಕದಲ್ಲಿ ‘ಅಳ್ಳಿ’ ಎಂದು ಬರೆದಳು.

‘ಇದು ಯಾರ ಮನೆ ಮಾತು?’

ಮೊದಲು ಒಂದು ಕೈ ಮೇಲೆದ್ದಿತು, ಇನ್ನೊಂದು ಎದ್ದಿತು, ನೋಡನೋಡುತ್ತ ಹೆಚ್ಚು ಕಡಿಮೆ ಇಡೀ ಕ್ಲಾಸೇ ಕೈಯೆತ್ತಿತು. ಸಂಧ್ಯಾ ಮಾತ್ರ ಎತ್ತಲಿಲ್ಲ.

‘ನೋಡಿ, ನನ್ ಹತ್ರ ಹ ಇತ್ತು, ಳ ಇರ್ಲಿಲ್ಲ. ನಿಮ್ ಹತ್ರ ಳ ಇದೆ, ನಾನು ಒಂದು ತಿಂಗಳು ಒದ್ದಾಡಿ ಕಲಿತಿದ್ದು ನಿಮ್ಗೆ ತೊಟ್ಟಿಲಲ್ಲೇ ಸಿಕ್ಕಿದೆ. ಹ ಒಂದು ಕಲೀಬೇಕು ಅಷ್ಟೆ. ಮನೇಲಿ ಅಳ್ಳಿ ಅಂತಾನೇ ಅನ್ನಿ. ಅದು ಅಪ್ಪ ಅಮ್ಮ ಕೊಟ್ಟಿರೋ ಮಾತು, ತಪ್ಪಲ್ಲ. ನಾನೂ ಮನೇಲಿ ನಮ್ಮ ದಖನೀನೇ ಆಡ್ತೀನಿ, ಅದೂ ತಪ್ಪಲ್ಲ. ಪುಸ್ತಕದ ಕನ್ನಡ ನಂಗೂ ಕಲಿತು ಬಂದಿದ್ದು, ನಿಮ್ಗೂ ಕಲಿತು ಬರೋದು.’

ಎರಡೂ ಪದಗಳ ಕೆಳಗೆ ‘ಹಳ್ಳಿ’ ಎಂದು ಬರೆದಳು. ಅಂಗೈಯನ್ನು ಬಾಯಿಯ ಮುಂದೆ ಹಿಡಿದು, ‘ಹ ಅನ್ನಿ. ಕೈಗೆ ಬಿಸಿ ಉಸಿರು ತಾಗ್ಬೇಕು’ ಎಂದಳು. ಕ್ಲಾಸಿನ ತುಂಬ ‘ಹ’ ‘ಹ’ ಎಂದು ಉಸಿರು ಎದ್ದಿತು.

ಆ ಗದ್ದಲ ಅಡಗುತ್ತಿದ್ದಂತೆ ಹಿಂದಿನಿಂದ ಒಂದು ದಪ್ಪ ದನಿ ತನ್ನಷ್ಟಕ್ಕೆ ತಾನೇ ಎಂಬಂತೆ ಕೇಳಿಸಿತು. ‘ಅಳ್ಳಿ.’ ಓಬಳಯ್ಯನೂ ಅಂಗೈ ಹಿಡಿದುಕೊಂಡಿದ್ದರು. ‘ಅ... ಅಳ್ಳಿ.’

ಸಂಧ್ಯಾ ತಿರುಗಿ ನೋಡಿದಳು.

‘ಅಂಗಲ್ಲ ಕಣಪ್ಪ’ ಎಂದಳು. ‘ಕೈನ ಇನ್ನೊಂಚೂರು ಅತ್ರ ಇಟ್ಕೊ. ವಟ್ಟೆಯಿಂದ ಉಸ್ರು ಬುಡು. ಹ. ಹಳ್ಳಿ.’

ಯಾರೂ ನಗಲಿಲ್ಲ. ಅವಳ ‘ಅತ್ರ’ಕ್ಕೂ ನಗಲಿಲ್ಲ, ಅವಳ ಅಪ್ಪನಿಗೂ ನಗಲಿಲ್ಲ. ಓಬಳಯ್ಯ ಬಾಯಿಯ ಮುಂದಿನ ಕೈಯನ್ನು ಬಹಳ ಹೊತ್ತು ಕೆಳಗಿಳಿಸಲಿಲ್ಲ. ಕೊನೆಗೆ ಅದೇ ಕೈಯಿಂದ ಮುಖ ಒರೆಸಿಕೊಂಡರು. ಅಂಬ್ರೀನ್ ಬೋರ್ಡಿನ ಕಡೆ ತಿರುಗಿಕೊಂಡಳು. ಸುಬ್ಬಲಕ್ಷ್ಮಮ್ಮ ಮಿಸ್ ಇದನ್ನು ನೋಡಬೇಕಿತ್ತು ಎಂದು ಅನಿಸಿತು.

ಹೊರಗೆ ಅನಂತರಾಜು, ‘ಏನಂತೀರಿ?’ ಎಂದು ಕೇಳಿದರು.

‘ಏನನ್ನದು ಸಾ’ ಎಂದರು ಓಬಳಯ್ಯ. ‘ಮಗ್ಳು ಮಾತಾಡಿದ್ಲು. ಆಯಮ್ಮನ್ನೇ ಇಟ್ಕಳಿ.’

ಆ ಸಂಜೆ ಶಾಲೆಯ ಮುಂದಿನ ಸ್ಟಾಪಿನಲ್ಲಿ ಕುಣಿಗಲ್ ಬಸ್ಸು ಇನ್ನೇನು ಹೊರಡುವುದರಲ್ಲಿತ್ತು. ಅಂಬ್ರೀನ್ ಗೇಟಿನಿಂದ ಬ್ಯಾಗು ಹಿಡಿದು ಓಡಿ ಬರುತ್ತಿದ್ದಳು. ಟೀ ಅಂಗಡಿಯ ಮುಂದೆ ನಿಂತಿದ್ದ ಓಬಳಯ್ಯ ಬಸ್ಸಿನ ಮೈಗೆ ಎರಡೇಟು ಬಡಿದು ಕಂಡಕ್ಟರನನ್ನು ತಡೆದರು.

‘ತಡಿಯಲಾ ಚಂದ್ರು, ಅವ್ಸರ ಏನು? ನಮ್ ಅಳ್ಳಿ ಕನ್ನಡ ಮೇಡಮ್ಮು ಬತ್ತಾವ್ರೆ.’

ಅಂಬ್ರೀನ್ ಆ ‘ಅಳ್ಳಿ’ಯನ್ನು ತಿದ್ದಲಿಲ್ಲ. ‘ಬರ್ತೀನಿ ಓಬಳಯ್ಯನೋರೇ’ ಎಂದು ಹೇಳಿ ಬಸ್ಸು ಹತ್ತಿದಳು.