ನಲವತ್ತು ಮೈಕ್ರಾನಿನ ಬೊಟ್ಟು

ಮಂಜೇಶ ಸಮುದ್ರವನ್ನು ಕಂಡದ್ದು ಮೊಬೈಲಿನ ವಾಲ್‌ಪೇಪರಿನಲ್ಲಿ ಮಾತ್ರ. ಈಜು ಬರುತ್ತಿರಲಿಲ್ಲ. ಒಮ್ಮೆ ತ್ಯಾಮಗೊಂಡ್ಲು ಕೆರೆಯಲ್ಲಿ ಮೊಣಕಾಲುದ್ದ ನೀರಿಗಿಳಿದು, ಕಾಲಿಗೇನೋ ತಾಗಿತೆಂದು ಕಿರುಚಿ, ಎಮ್ಮೆ ತೊಳೆಯುತ್ತಿದ್ದವರೆಲ್ಲ ಓಡಿಬರುವಂತೆ ಮಾಡಿದ್ದ. ತಾಗಿದ್ದು ಅವನದೇ ಚಪ್ಪಲಿ. ಇಂಥ ವೀರನ ಸಹಿ ಈಗ ವಿಯೆಟ್ನಾಂ ದೇಶದ ಸಮುದ್ರ ಕಾಯುವ ದೋಣಿಯ ಕಾಗದದ ಮೇಲೆ ಬೀಳುವುದರಲ್ಲಿತ್ತು.

ಅದು ಆದದ್ದು ಹೀಗೆ. ಭಾರತಕ್ಕೂ ವಿಯೆಟ್ನಾಮಿಗೂ ರಕ್ಷಣೆಯ ಸ್ನೇಹ ಬೆಳೆಯುತ್ತಿದೆ ಎಂದು ಟೀವಿಯಲ್ಲಿ ಹೇಳಿದರು. ದೊಡ್ಡವರು ಕೈಕುಲುಕಿದರು, ಕಡತಕ್ಕೆ ಸಹಿ ಹಾಕಿದರು. ಆ ಸಹಿ ದೊಡ್ಡ ಕಂಪನಿಯಿಂದ ನಡುವಿನ ಕಂಪನಿಗೆ, ಅಲ್ಲಿಂದ ಸಣ್ಣ ಕಂಪನಿಗೆ ಮೆಟ್ಟಿಲಿಳಿಯುತ್ತಾ ಬಂದು, ಕಡೆಗೆ ಒಂದು ಸ್ಟೀಲಿನ ಉಂಗುರವಾಗಿ ದಾಬಸ್‌ಪೇಟೆಯ ಜಯಕುಮಾರರ ಶೆಡ್ಡಿಗೆ ಬಿತ್ತು. ಐದು ಮೆಷಿನ್ನು, ಹನ್ನೊಂದು ಜನರ ಶೆಡ್ಡು ಅದು. ಅಲ್ಲಿಯವರೆಗೂ ಟ್ರ್ಯಾಕ್ಟರಿನ ಬಿಡಿಭಾಗ ಬಿಟ್ಟು ಬೇರೇನೂ ಕಂಡಿರಲಿಲ್ಲ.

ರೊಟ್ಟಿ ಹೆಂಚಿನಗಲದ ಉಂಗುರ. ಅದರ ಮೇಲೆ ದೋಣಿಯ ರೇಡಾರ್ ಕೂತು ತಿರುಗಬೇಕು. ಷರತ್ತು ಒಂದೇ: ಮೈ ಎಲ್ಲಿಯೂ ಹದಿನೈದು ಮೈಕ್ರಾನಿಗಿಂತ ಏರುಪೇರಾಗಬಾರದು. ತಲೆಗೂದಲೊಂದನ್ನು ಉದ್ದಕ್ಕೆ ಐದು ಸೀಳು ಮಾಡಿದರೆ ಒಂದು ಸೀಳಿನ ದಪ್ಪ ಎಷ್ಟೋ ಅಷ್ಟು. ಇಪ್ಪತ್ತೆರಡು ವರ್ಷದಿಂದ ಗ್ರೈಂಡಿಂಗ್ ಮೆಷಿನ್ನಿನ ಮುಂದೆ ನಿಂತಿದ್ದ ಬೈರಪ್ಪ ಮೂರು ವಾರ ಉಸಿರು ಬಿಗಿಹಿಡಿದು ಅದನ್ನು ತಿದ್ದಿದ. ಅಳೆದು ಸಹಿ ಹಾಕುವ ಇನ್ಸ್‌ಪೆಕ್ಟರ್ ಕೆಲಸ ಮಂಜೇಶನದು. ಅದೂ ಆರು ತಿಂಗಳ ಪರೀಕ್ಷೆಯ ಮೇಲೆ.

"ರಿಂಗ್ ಪಾಸಾದ್ರೆ ನೀನೂ ಪಾಸು," ಎಂದಿದ್ದರು ಜಯಕುಮಾರ್. "ಇಲ್ದಿದ್ರೆ ವಾಪಸ್ ಅರ ಹಿಡ್ಕೊಂಡು ಅಂಚು ಉಜ್ಜು."

ಇಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಅವನು ಮಂಜೇಶ ಹೇಗಾದಾನು? ಊರಿನ ಟೀ ಅಂಗಡಿಯಲ್ಲಿ "ಡಿಫೆನ್ಸ್ ಕೆಲಸ, ಜಾಸ್ತಿ ಹೇಳಂಗಿಲ್ಲ" ಎಂದು ಶುರುಮಾಡಿ ಜಾಸ್ತಿಯೇ ಹೇಳಿದ. ಸಂಜೆಯೊಳಗೆ ಉಂಗುರ ಮಿಸೈಲ್ ಆಯಿತು. ಮರುದಿನ ಮಿಸೈಲಿಗೆ ಗುಂಡಿ ಒತ್ತುವವನೇ ಮಂಜೇಶ.

"ವಿಯೆಟ್ನಾಮಿನೋರು ಅಂದ್ರೆ, ಅಮೆರಿಕಾನ ಓಡಿಸಿದ್ರಲ್ಲ, ಅವ್ರೇನ್ಲಾ?" ಎಂದು ಕೇಳಿದರು ಅಂಗಡಿಯ ಮುನಿರಾಮಯ್ಯ.

"ಹೂಂ, ಅವ್ರೇ."

"ಅಂಥೋರ್ಗೆ ನಿನ್ನ ಸಹಾಯ ಬೇಕಾಯ್ತಾ? ಪಾಪ, ಏನ್ ಕಷ್ಟ ಬಂತೋ."

ಉಂಗುರ ನೋಡಲು ವಿಯೆಟ್ನಾಮಿನಿಂದ ಒಬ್ಬ ಎಂಜಿನಿಯರ್ ಬರುವುದು ಶುಕ್ರವಾರ ಎಂದು ಗೊತ್ತಾಯಿತು. ಶುಕ್ರವಾರ ಶೆಡ್ಡಿನಲ್ಲಿ ಮೆಷಿನ್ನುಗಳಿಗೆ ಪೂಜೆ. ಬೈರಪ್ಪ ಒಂದೊಂದಕ್ಕೂ ಬೊಟ್ಟಿಟ್ಟು ಊದುಬತ್ತಿ ಬೆಳಗದೆ ಸ್ವಿಚ್ಚು ಮುಟ್ಟುವವನಲ್ಲ. ಆ ಬೆಳಗ್ಗೆ ಜಯಕುಮಾರ್ ಮಾತ್ರ ಕೈಮುಗಿದು ಹೇಳಿದರು: "ಇವತ್ತೊಂದಿನ ಕುಂಕುಮ ಗಿಂಕುಮ ಬೇಡ ಕಣ್ರಪ್ಪ. ಎಕ್ಸ್‌ಪೋರ್ಟ್ ಕಂಪನಿ ಥರ ಕಾಣ್ಬೇಕು." ಬೈರಪ್ಪ ಮುಖ ಊದಿಸಿಕೊಂಡರೂ ಮಾತು ಮೀರಲಿಲ್ಲ.

ಮೀರಿದವನು ಮಂಜೇಶ. ಬೆಳಗ್ಗೆ ಹೊರಡುವಾಗ ಅಜ್ಜಿ ಗಂಗಲಕ್ಷ್ಮಮ್ಮ ಶಿವಗಂಗೆಯ ಹೊನ್ನಾದೇವಿಯ ಕುಂಕುಮದ ಪೊಟ್ಟಣವನ್ನು ಅವನ ಜೇಬಿಗೆ ತುರುಕಿ, "ಕಬ್ಬಿಣಾನ ನೀರಿಗೆ ಬಿಡ್ತೀರಂತೆ. ಬೊಟ್ಟಿಲ್ದೆ ಬಿಟ್ಟೀಯ ಮತ್ತೆ!" ಎಂದು ತಾಕೀತು ಮಾಡಿದ್ದರು. ಮಂಜೇಶ ವಿಜ್ಞಾನ ಓದಿದವನು, ಇದನ್ನೆಲ್ಲ ನಂಬುವವನಲ್ಲ. ಆದರೆ ಪರೀಕ್ಷೆಯ ದಿನ ನಂಬದೆ ಇರುವಷ್ಟು ಧೈರ್ಯವಂತನೂ ಅಲ್ಲ. ಯಾರೂ ಇಲ್ಲದ ಹೊತ್ತು ನೋಡಿ, ಅಳತೆಯ ಕೋಣೆಯಲ್ಲಿ ಕುಂಕುಮಕ್ಕೆ ಎರಡು ಹನಿ ನೀರು ಹಾಕಿ ಕಲಸಿ, ಉಂಗುರಕ್ಕೊಂದು ಬೊಟ್ಟಿಟ್ಟ. ವಿದೇಶದವರ ಕಣ್ಣಿಗೆ ಬೀಳಬಾರದೆಂದು ಬುದ್ಧಿವಂತಿಕೆಯಿಂದ ಅಡಿಮೈಗೆ ಇಟ್ಟ. ಅದು ಒಣಗಿತು. ಉಂಗುರವನ್ನು ಮೆಲ್ಲಗೆ ಕಪ್ಪು ಗ್ರಾನೈಟಿನ ಅಳತೆ ಮೇಜಿನ ಮೇಲೆ ಮಲಗಿಸಿದ. ಅದೇ ಮೇಜಿನ ಮೇಲ್ಗಡೆ ಗೋಡೆಗೆ ಅವನೇ ಬರೆದು ಅಂಟಿಸಿದ್ದ ಚೀಟಿಯಿತ್ತು: "ಬೆರಳೂ ತಾಗಿಸಬೇಡಿ. ಧೂಳೂ ಶತ್ರು."

ಹತ್ತು ಗಂಟೆಗೆ ಬಂದವರು ಶ್ರೀಮತಿ ಲಾನ್. ಐವತ್ತರ ಆಸುಪಾಸಿನ ಗಿಡ್ಡ ಹೆಂಗಸು. ಕೈಯಲ್ಲಿ ಸ್ವಂತ ಟೀ ಫ್ಲಾಸ್ಕು. ಗೊಂಡೆ ಹೂವಿನ ಹಾರವನ್ನು ಹಾಕಿಸಿಕೊಂಡರು, ನಕ್ಕರು, ಆಮೇಲೆ ನಗು ಮಡಿಚಿಟ್ಟು ನೇರ ಮೇಜಿಗೆ ಬಂದರು. ಗಡಿಯಾರದಂಥ ಡಯಲಿನ ಮೊನೆಯನ್ನು ಉಂಗುರದ ಮೇಲ್ಮೈಗೆ ತಾಗಿಸಿ ಸುತ್ತ ಆಡಿಸಿದರು.

ಉಂಗುರದ ಕಾಲು ಸುತ್ತಿನವರೆಗೆ ಮುಳ್ಳು ಸುಮ್ಮನಿತ್ತು. ಆಮೇಲೆ ಹತ್ತಿತು. ಇಪ್ಪತ್ತು. ಮೂವತ್ತು. ನಲವತ್ತು.

ಲಾನ್ ಕನ್ನಡಕ ತೆಗೆದು ಒರೆಸಿ ಮತ್ತೆ ಆಡಿಸಿದರು. ಮತ್ತೆ ನಲವತ್ತು. ಪುಸ್ತಕದಲ್ಲಿ ಬರೆದುಕೊಂಡರು. ಜಯಕುಮಾರರ ಮುಖ ಬೂದುಗುಂಬಳದ ಹಾಗಾಯಿತು.

"ಏನ್ ಬೈರಪ್ಪ ಇದು?" ಎಂದರು ಹಲ್ಲಿನ ಸಂದಿಯಿಂದ. "ಮೂರು ವಾರ ಏನ್ ಉಜ್ಜಿದ್ಯೋ?"

"ನನ್ ಮೆಷಿನ್ ಸುಳ್ಳು ಹೇಳಲ್ಲ ಸಾರ್," ಎಂದ ಬೈರಪ್ಪ. ಆದರೆ ಧ್ವನಿಯಲ್ಲಿ ಎಂದಿನ ಗತ್ತಿರಲಿಲ್ಲ. ತನ್ನ ಎರಡು ಕೈಗಳನ್ನೇ ನೋಡಿಕೊಳ್ಳುತ್ತಿದ್ದ, ಅವು ಬೇರೆ ಯಾರದೋ ಕೈ ಎನ್ನುವ ಹಾಗೆ. "ನಿನ್ನೆ ಮಂಜನೂ ಅಳೆದ. ಒಂಬತ್ತಿತ್ತು. ಅಲ್ವೇನ್ಲಾ ಮಂಜ?"

ಮಂಜೇಶನಿಗೆ ಅಷ್ಟರಲ್ಲಿ ಎಲ್ಲ ತಿಳಿದುಹೋಗಿತ್ತು. ಅಡಿಮೈಯೇ ಅಳತೆಯ ಬುನಾದಿ. ಅಲ್ಲಿ ಒಣಗಿದ ಬೊಟ್ಟಿನ ಮೇಲೆ ಉಂಗುರ ಕುಂಟು ಮಣೆಯ ಹಾಗೆ ಒಂದು ಪಕ್ಕ ಎದ್ದು ಕೂತಿತ್ತು. ಇಡೀ ಲೋಕದಲ್ಲಿ ಬೊಟ್ಟಿಡಬಾರದ ಜಾಗ ಒಂದೇ ಒಂದಿತ್ತು. ಇನ್ಸ್‌ಪೆಕ್ಟರ್ ಸಾಹೇಬರು ಹುಡುಕಿ ಅಲ್ಲಿಗೇ ಇಟ್ಟಿದ್ದರು. ಸುಮ್ಮನಿದ್ದರೆ ತಪ್ಪು ಬೈರಪ್ಪನ ತಲೆಗೆ ಹೋಗುತ್ತದೆ. ಬಾಯಿಬಿಟ್ಟರೆ ತನ್ನ ಕೈಗೆ ಅರ ಬರುತ್ತದೆ. ಅರ ಉಜ್ಜುವ ಸದ್ದು ಕಿವಿಯಲ್ಲಿ ಕೇಳಿಸಿತು, ಮುನಿರಾಮಯ್ಯನವರ ನಗುವೂ ಕೇಳಿಸಿತು. ಆದರೆ ಬೈರಪ್ಪನ ಕೈ ನೋಡಲಾಗಲಿಲ್ಲ.

"ಬೈರಣ್ಣನ ತಪ್ಪಲ್ಲ ಸಾರ್," ಎಂದ. ಮುಂದೆ ಬಂದು ಉಂಗುರವನ್ನೆತ್ತಿ ಮಗುಚಿದ. ಹೊಳೆಯುವ ಸ್ಟೀಲಿನ ನಡುವೆ ಕೆಂಪನೆಯ ದುಂಡು ಬೊಟ್ಟು, ಮದುಮಗಳ ಹಣೆಯಲ್ಲಿರುವಂಥದ್ದು.

ಲಾನ್ ಬಗ್ಗಿ ನೋಡಿ, "ವಾಟ್ ಈಸ್ ದಿಸ್?" ಎಂದರು.

ಮಂಜೇಶ ಡಿಪ್ಲೊಮಾದಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಜಾಲಾಡಿದ. ಅಜ್ಜಿ, ಹೊನ್ನಾದೇವಿ, ನೀರಿಗಿಳಿಯುವ ಕಬ್ಬಿಣ ಯಾವುದೂ ಆ ಭಾಷೆಗೆ ಹತ್ತಲಿಲ್ಲ. ಕೊನೆಗೆ ಬಾಯಿಂದ ಬಂದದ್ದು: "ಗಾಡ್, ಮೇಡಂ. ಗಾಡ್ ಈಸ್ ಫಾರ್ಟಿ ಮೈಕ್ರಾನ್ಸ್."

ಲಾನ್ ಒಂದು ಗಳಿಗೆ ಅವನನ್ನೇ ನೋಡಿದರು. ಆಮೇಲೆ ನಗು ಶುರುವಾಯಿತು. ಎಂಥ ನಗು! ಫ್ಲಾಸ್ಕು ಕೆಳಗಿಟ್ಟು, ಮೇಜು ಹಿಡಿದುಕೊಂಡು, ಕಣ್ಣೊರೆಸಿಕೊಂಡು ನಕ್ಕರು. ತಾವೇ ಸ್ಪಿರಿಟ್ಟಿನ ಬಟ್ಟೆ ತೆಗೆದು ಬೊಟ್ಟನ್ನು ಒರೆಸಿದರು. ಆ ಬಟ್ಟೆಯನ್ನು ಕಸಕ್ಕೆ ಹಾಕದೆ ಮಡಿಚಿ ಮೇಜಿನ ಮೂಲೆಯಲ್ಲಿಟ್ಟಿದ್ದನ್ನು ಬೈರಪ್ಪ ಗಮನಿಸಿದ. ಮತ್ತೆ ಡಯಲ್ ಆಡಿಸಿದರು. ಉಂಗುರದ ಸುತ್ತಲೂ ಮುಳ್ಳು ಸಾಧುವಾಗಿತ್ತು.

ಒಂಬತ್ತು.

"ನಂಗೊತ್ತಿತ್ತು!" ಎಂದು ಬೈರಪ್ಪ ಮಂಜೇಶನ ಬೆನ್ನಿಗೆ ಕೊಟ್ಟ ಏಟು ಶಭಾಸ್‌ಗಿರಿಯೋ ಸೇಡೋ ಗೊತ್ತಾಗಲಿಲ್ಲ. ಎರಡೂ ಇದ್ದಿರಬೇಕು.

ಲಾನ್ ಮುರುಕು ಇಂಗ್ಲಿಷಿನಲ್ಲಿ ತಮ್ಮ ಕತೆಯನ್ನೂ ಹೇಳಿದರು. ಅವರ ಶೆಡ್ಡಿನಲ್ಲೂ ಕಸುಬು ಕಲಿಸಿಹೋದ ಪೂರ್ವಿಕರಿಗೆ ಊದುಬತ್ತಿ ಹಚ್ಚುತ್ತಾರಂತೆ. ತಾವು ಹೊಸದಾಗಿ ಸೇರಿದ್ದಾಗ ಅದರ ಬೂದಿ ಅಳತೆಯ ಮೇಜಿಗೆ ಬಿದ್ದು ಇಂಥದೇ ಪೇಚಾಟವಾಗಿತ್ತಂತೆ. "ಹನ್ನೆರಡು ಮೈಕ್ರಾನ್," ಎಂದರು ಹೆಮ್ಮೆಯಿಂದ. ದೇವರ ವಿಷಯದಲ್ಲಿ ಅವರದು ಹೆಚ್ಚು ನಾಜೂಕಿನ ಕೆಲಸ ಎಂದು ಮಂಜೇಶ ಒಪ್ಪಲೇಬೇಕಾಯಿತು.

ಆದರೆ ಹೆಂಗಸು ಕಟ್ಟುನಿಟ್ಟು. ಬರೆದ ನಲವತ್ತನ್ನು ಹೊಡೆದುಹಾಕಲು ಒಪ್ಪಲಿಲ್ಲ. ತಪ್ಪಿನ ಕಾರಣ, ಮುಂದೆ ಆಗದಂತೆ ಕ್ರಮ ಎರಡನ್ನೂ ಮಂಜೇಶನೇ ಬರೆದು ಸಹಿ ಹಾಕಬೇಕೆಂದರು. ಕಾರಣದ ಜಾಗದಲ್ಲಿ ಮೊದಲು "ಅಜ್ಜಿ" ಎಂದು ಬರೆದು, ನಾಚಿಕೆಯಾಗಿ ಹೊಡೆದು, "ಇನ್ಸ್‌ಪೆಕ್ಟರ್" ಎಂದು ಬರೆದ. ಕ್ರಮದ ಜಾಗದಲ್ಲಿ: "ಇನ್ನು ಮುಂದೆ ಪೂಜೆ ಅಳತೆಯ ನಂತರ. ಬೊಟ್ಟು ಪೆಟ್ಟಿಗೆಯ ಹೊರಗೆ." ಎರಡು ದೇಶಗಳ ರಕ್ಷಣೆಯ ಕಡತದಲ್ಲಿ ಆ ಸಾಲು ಭದ್ರವಾಗಿ ಕೂತಿತು. ಉಂಗುರ ಪಾಸಾಯಿತು. ಪೆಟ್ಟಿಗೆಗೆ ಮೊಳೆ ಹೊಡೆದ ಮೇಲೆ ಬೈರಪ್ಪನೇ ಅಂಗೈಯಗಲ ಕುಂಕುಮ ಬಳಿದ, ಜಯಕುಮಾರ್ ಬೇಡವೆನ್ನಲಿಲ್ಲ.

"ನಾನು ಪಾಸಾ ಸಾರ್?" ಎಂದು ಮಂಜೇಶ ಮೆಲ್ಲಗೆ ಕೇಳಿದ.

"ತಪ್ಪು ಹುಡುಕೋದು ಇನ್ಸ್‌ಪೆಕ್ಟರ್ ಕೆಲಸ. ಹುಡುಕಿದ್ದೀಯ," ಎಂದರು ಜಯಕುಮಾರ್. "ಮುಂದಿನ್ ಸಲ ಬೇರೆಯೋರ್ದು ಹುಡುಕಪ್ಪಾ."

ಸಂಜೆ ಬಸ್ಸಿಳಿದವನು ಟೀ ಅಂಗಡಿಯ ಮುಂದೆ ನೆಲದ ಮೇಲೆ ನಡೆದನೋ ಗಾಳಿಯಲ್ಲಿ ನಡೆದನೋ ಅವನಿಗೇ ತಿಳಿಯದು. ಅಜ್ಜಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು.

"ಬೊಟ್ಟಿಟ್ಟೇನ್ಲಾ?"

"ಇಟ್ಟೆ ಕಣಜ್ಜಿ."

"ಎಷ್ಟಗಲ?"

"ಅಗಲ ನೋಡ್ಲಿಲ್ಲ. ದಪ್ಪ ನಲವತ್ತು ಮೈಕ್ರಾನ್. ಅರ್ಧ ಕೂದಲು ಅನ್ಕೋ."

ಅಜ್ಜಿ ಕೈಯಲ್ಲಿದ್ದ ಸಿಪ್ಪೆಯನ್ನು ಅವನ ಮೇಲೆ ಎಸೆದರು. "ಅರ್ಧ ಕೂದ್ಲಾ? ಪೊಟ್ಟಣ ತುಂಬಾ ಕೊಟ್ಟು ಕಳ್ಸಿದ್ನಲ್ಲೋ! ಎಲ್ ಕಲ್ತ್ಯೋ ಈ ಜಿಪುಣತನಾನ?"