ಊರಿಗೆ ಹೋಗಿ ಹೇಳಿ ಕಳಿಸ್ತೀವಿ

ನಾನು ಚಿಕ್ಕವನಿದ್ದಾಗ, ಹೊಗೆಸೊಪ್ಪಿನ ಕಾಲ ಬಂತೆಂದರೆ ನಮ್ಮ ಮನೆಯಲ್ಲಿ ಯಾರ ಕೈಯೂ ಕೈಯ ಬಣ್ಣದಲ್ಲಿ ಇರುತ್ತಿರಲಿಲ್ಲ. ಹಸಿ ಎಲೆಯ ಅಂಟು ಮೊದಲು ಹಳದಿಯಾಗಿ ಹತ್ತಿ, ಮಧ್ಯಾಹ್ನದ ಹೊತ್ತಿಗೆ ಕಪ್ಪು ಮೇಣದಂತಾಗುತ್ತಿತ್ತು. ಊಟಕ್ಕೆ ಕೂತರೆ ಮುದ್ದೆಯೂ ಕಹಿ. ಹಾರನಹಳ್ಳಿ ಹತ್ತಿರದ ನಮ್ಮ ಊರಿನಲ್ಲಿ ಎಲ್ಲರ ಕೈಯೂ ಹಾಗೇ ಇದ್ದುದರಿಂದ ಅದನ್ನು ಕೊಳಕೆಂದು ಯಾರೂ ಅಂದುಕೊಳ್ಳುತ್ತಿರಲಿಲ್ಲ.

ಆ ದಿನ ಮಾತ್ರ ಅಕ್ಕ ಬೆಳಗ್ಗೆಯೇ ಬಚ್ಚಲಲ್ಲಿ ಕೂತು, ಹುಣಸೆಹಣ್ಣು ಹಾಕಿ ಕೈ ಉಜ್ಜಿದಳು. ಬೂದಿ ಹಾಕಿ ಮತ್ತೆ ಉಜ್ಜಿದಳು. ಅಂಗೈ ಕೆಂಪಾಗಿ, ಬೆರಳ ತುದಿ ಸುಲಿದಂತಾಯಿತು. ಹುಣಸೂರು ಕಡೆಯಿಂದ ಅವಳನ್ನು ನೋಡಲು ಗಂಡಿನವರು ಬರುವವರಿದ್ದರು. ಅವ್ವ ಮನೆಯ ಹುಂಜ ಕೊಯ್ಯಿಸಿ ಸಾರಿಗೆ ಇಟ್ಟಿದ್ದಳು. ಗಂಡಿನವರಿಗೆ ಒಪ್ಪಿಗೆಯಾದರೆ ಊಟ ಮಾಡಿಯೇ ಹೋಗುತ್ತಾರೆ ಎಂದು ಅವಳು ಅಪ್ಪನಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೂ ಬಿದ್ದಿತ್ತು. ನನ್ನ ಮನಸ್ಸೆಲ್ಲ ಸಾರಿನ ಘಮದ ಮೇಲಿತ್ತು.

ಬಂದವರು ಜಗಲಿಯ ಚಾಪೆಯ ಮೇಲೆ ಕೂತು ಮಳೆ, ಬೆಳೆಯ ಮಾತಾಡಿದರು. ಅಕ್ಕ ಕಾಫಿ ತಂದುಕೊಟ್ಟಳು. ಅವರಲ್ಲಿ ಹಿರಿಯರಾದವರು ಲೋಟವನ್ನು ಅರ್ಧಕ್ಕೇ ಇಟ್ಟು, ಹೆಗಲ ಟವಲು ಸರಿಮಾಡಿಕೊಂಡು ಎದ್ದರು.

"ಬಸ್ಸಿನ ಹೊತ್ತಾಯ್ತು ಕಣ್ರೀ. ಊರ್ಗೋಗಿ ಹೇಳಿ ಕಳಿಸ್ತೀವಿ."

"ಆಗ್ಲಿ ಬುಡಿ," ಎಂದ ಅಪ್ಪ.

ಆ ಮಾತಿನಲ್ಲಿ ನನಗೆ ತಿಳಿಯದ ಪದ ಒಂದೂ ಇರಲಿಲ್ಲ. ಊರು, ಹೋಗುವುದು, ಹೇಳುವುದು, ಕಳಿಸುವುದು. ಇಷ್ಟವಿಲ್ಲದಿದ್ದರೆ ಹೇಳಿ ಕಳಿಸುವುದು ಯಾಕೆ ಎಂದುಕೊಂಡೆ. ಅವರು ಬೇಲಿ ದಾಟುವ ಮೊದಲೇ ಹಿತ್ತಲಿನಿಂದ ಓಡಿದೆ. ಸೊಪ್ಪು ಒಣಗಿಸುವ ಬ್ಯಾರನ್ನಿನ ಪಕ್ಕದ ಚಪ್ಪರದಲ್ಲಿ ಊರಿನ ಹೆಂಗಸರು ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು.

"ಅಕ್ಕನ್ ಮದ್ವೆ ಗೊತ್ತಾಯ್ತು," ಎಂದೆ.

ಚಪ್ಪರವೆಲ್ಲ ನಗುವಾಯಿತು. ಒಬ್ಬರು ನನ್ನ ಕೆನ್ನೆ ಹಿಂಡಿದರು. ಕೆನ್ನೆಗೂ ಅಂಟು ಹತ್ತಿತು. ಸ್ವಲ್ಪ ಹೊತ್ತಿಗೆ ಅಕ್ಕ ಹಳೇ ಸೀರೆ ಉಟ್ಟು ಕೆಲಸಕ್ಕೆ ಬಂದಳು. ಹೆಂಗಸರು ಸೋಬಾನೆ ಎತ್ತಿಕೊಂಡರು.

"ಏನವ್ವ ಮದ್ವಣ್ಗಿತ್ತಿ, ತಿರ್ಗಾ ಕೈ ಕರಿ ಮಾಡ್ಕಳಕ್ ಬಂದ್ಯಾ? ನಡಿ, ಒಳಗ್ ಕೂತ್ಕೊ," ಎಂದರು ಕೆನ್ನೆ ಹಿಂಡಿದವರು.

ಅಕ್ಕ ಚಪ್ಪರದ ಕಂಬ ಹಿಡಿದು ನಿಂತಳು. "ಯಾರೇಳುದ್ರು?" ಎಂದು ಮೆಲ್ಲಗೆ ಕೇಳಿದಳು. ಎಲ್ಲರೂ ನನ್ನ ಕಡೆ ನೋಡಿದರು.

"ನಾನೇ ಕೇಳಿಸ್ಕಂಡೆ ಕಣಕ್ಕ. ಊರ್ಗೋಗಿ ಹೇಳಿ ಕಳಿಸ್ತೀವಿ ಅಂದ್ರಲ್ಲ."

ಹಾಡು ನಿಂತಿತು. ಕೆನ್ನೆ ಹಿಂಡಿದ ಹೆಂಗಸು ತಲೆ ತಗ್ಗಿಸಿ, ಕಟ್ಟಿ ಮುಗಿಸಿದ್ದ ಕಡ್ಡಿಯನ್ನೇ ಮತ್ತೆ ಬಿಗಿ ಮಾಡತೊಡಗಿದರು.

ಆಗ ನನಗೆ ಒಂದೊಂದಾಗಿ ನೆನಪಿಗೆ ಬಂತು. ಅರ್ಧ ಉಳಿದ ಕಾಫಿ. ಅವ್ವ ತೆಗೆಯದೇ ಹೋದ ಸಾರಿನ ಮುಚ್ಚಳ. ಅತಿಥಿಗಳನ್ನು ಬಸ್ಸಿನವರೆಗೆ ಬಿಟ್ಟು ಬರುವ ಅಪ್ಪ ಅಂದು ಜಗಲಿಯಿಂದ ಇಳಿದೇ ಇರಲಿಲ್ಲ. ಇದೆಲ್ಲ ನನ್ನ ಕಣ್ಣ ಮುಂದೆಯೇ ನಡೆದಿತ್ತು. ಆ ಮಾತಿನ ಅರ್ಥ ನನಗೆ ಯಾರೂ ಹೇಳಿಕೊಡಲಿಲ್ಲ. ಅಷ್ಟು ಜನರ ನಡುವೆ, ಅಕ್ಕನ ಮುಖ ನೋಡುತ್ತಾ ತಿಳಿದುಕೊಂಡೆ. ನೆಲ ನೋಡುತ್ತಾ ನಿಂತೆ.

ಅಕ್ಕ ಬಂದು ತನ್ನ ಜಾಗದಲ್ಲಿ ಕೂತಳು. "ಸೊಪ್ ಕೊಡು ಕಣ್ಲಾ," ಎಂದಳು, ದಿನಾ ಅನ್ನುವ ಹಾಗೆಯೇ. ಎಲೆ ಜೋಡಿಸಿ ಕೊಡುವುದು ನನ್ನ ಕೆಲಸ. ಕೊಡುತ್ತಾ ಹೋದೆ. ಬೆಳಗ್ಗೆಯೆಲ್ಲ ಉಜ್ಜಿ ಕೆಂಪಾಗಿದ್ದ ಆ ಕೈಗಳು ಮೊದಲು ಹಳದಿಯಾದವು, ಸಂಜೆಗೆ ಕಪ್ಪಾದವು. ಒಂದೊಂದು ಎಲೆಯನ್ನೂ ನಾನೇ ಕೊಟ್ಟೆ. ಅವಳು ನನ್ನನ್ನು ಬೈಯಲಿಲ್ಲ. ಅಂದಿನ ಊಟದಲ್ಲಿ ಅವ್ವ ಹುಂಜದ ಕಾಲನ್ನು ನನಗೇ ಬಡಿಸಿದಳು. ತಿನ್ನದೆ ಪಕ್ಕಕ್ಕಿಟ್ಟೆ.

ಮರುವರ್ಷ ಪಿರಿಯಾಪಟ್ಟಣದ ಕಡೆಯವರು ಬಂದರು. ಅಕ್ಕನ ಕೈ ಕಪ್ಪಗೇ ಇತ್ತು. ಉಜ್ಜಲು ಹೋಗಿರಲಿಲ್ಲ. ಅವರು ಊಟ ಮಾಡಿಯೇ ಹೋದರು. ಅವರು ಉಂಡ ಎಲೆ ಎತ್ತುವವರೆಗೂ ನಾನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಮೊನ್ನೆ ನೀವು ಮೊಮ್ಮಕ್ಕಳಿಬ್ಬರೂ ಪುಸ್ತಕ ತೆರೆದಿಟ್ಟುಕೊಂಡು ಒಂದೊಂದು ನುಡಿಗಟ್ಟಿಗೂ ಫೋನಿನಲ್ಲಿ ಅರ್ಥ ಹುಡುಕುತ್ತಿದ್ದಿರಿ. ಕೇಳಿದ ತಕ್ಷಣ ಅದು ಹೇಳಿಬಿಡುತ್ತದೆ, ಒಳ್ಳೆಯದೇ. ಆದರೆ ಅದೇ ಸಂಜೆ, ಕಬಿನಿ ನೋಡಲು ಕರೆದುಕೊಂಡು ಹೋಗು ತಾತ ಎಂದು ನೀವು ಕೇಳಿದಾಗ ನಾನು "ನೋಡೋಣ" ಎಂದೆ. ಫೋನಿನಿಂದ ತಲೆಯನ್ನೂ ಎತ್ತದೆ ಚಿಕ್ಕವಳು, "ಅಂದ್ರೆ ಇಲ್ಲ ಅಂತ," ಎಂದು ಅಣ್ಣನಿಗೆ ಹೇಳಿದಳು. ನೀವಿಬ್ಬರೂ ನಕ್ಕಿರಿ. ನನಗೆ ನಗು ಬರಲಿಲ್ಲ. ಅವಳ ವಯಸ್ಸಿನಲ್ಲಿ ನನಗೆ ಅಷ್ಟು ತಿಳಿದಿದ್ದರೆ, ಅಂದು ಅಕ್ಕ ಚಪ್ಪರಕ್ಕೆ ಕಾಲಿಟ್ಟಾಗ ಅಲ್ಲಿ ಸೋಬಾನೆ ಕೇಳಿಸುತ್ತಿರಲಿಲ್ಲ.