ಅಕ್ಕನ ಪಾಠಕ್ಕೆ ಬಂದ ರುಕ್ಕಕ್ಕ

ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಬೀಡಿ ಎಲೆಯ ವಾಸನೆ ಎಲ್ಲಿಂದಾದರೂ ಬಂದರೆ ಸಾಕು, ಈ ವಯಸ್ಸಿನಲ್ಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ನಿಮಗೂ ಅಂಥದ್ದೊಂದು ವಾಸನೆ ಇದ್ದೀತು. ಸಿದ್ಧಕಟ್ಟೆಯ ನಮ್ಮ ಮನೆ ಈಗಿಲ್ಲ. ಅಲ್ಲಿ ಯಜಮಾನಿಕೆ ನಡೆಸುತ್ತಿದ್ದ ಸೋದರಮಾವನೂ ಇಲ್ಲ. ಅವರು ಕೆಟ್ಟವರಲ್ಲ, ಹಿಡಿದದ್ದನ್ನು ಬಿಡದವರು. ದೊಡ್ಡವಳಾದ ಹುಡುಗಿ ಗಂಡಸಿನೆದುರು ಪಾಠಕ್ಕೆ ಕೂರಬಾರದೆಂಬುದು ಅವರ ಹಠ. ನನ್ನ ಸುನಂದಕ್ಕ ಏಳನೆಯ ತರಗತಿ ಮುಗಿಸಿದ್ದೇ ಮೂಡುಬಿದಿರೆಯ ಹೆಂಗಸು ಟೀಚರೊಬ್ಬರು ನಮ್ಮ ಶಾಲೆಯಲ್ಲಿದ್ದುದರಿಂದ. ಅವರೆದುರು ಅಕ್ಕ ಧೈರ್ಯವಾಗಿ ಪ್ರಶ್ನೆ ಕೇಳುತ್ತಿದ್ದಳು, ಲೆಕ್ಕದಲ್ಲಿ ಹುಡುಗರನ್ನೆಲ್ಲ ಹಿಂದೆ ಹಾಕಿದ್ದಳು. ಎಂಟನೆಯದಕ್ಕೆ ಕಾಲಿಡುವಾಗ ಟೀಚರಿಗೆ ಅಳದಂಗಡಿಗೆ ವರ್ಗವಾಯಿತು. ಶಾಲೆಯಲ್ಲಿ ಉಳಿದವರೆಲ್ಲ ಮಾಸ್ಟ್ರುಗಳೇ. ಓದಿದ್ದು ಸಾಕು ಎಂದುಬಿಟ್ಟರು ಮಾವ. ಅಕ್ಕ ಎರಡು ದಿನ ಊಟ ಬಿಟ್ಟಳು.

ಮೂರನೆಯ ದಿನ ಹೆಡ್‌ಮಾಸ್ಟ್ರು ಮನೆಗೆ ಬಂದು, ಬೆಲ್ಲ ನೀರು ಕುಡಿದು, ಬೇಕಾದರೆ ತಮ್ಮ ಹೆಂಡತಿಯನ್ನೇ ತರಗತಿಯಲ್ಲಿ ಕೂರಿಸುತ್ತೇನೆಂದರು. ಮಾವನಿಗೆ ಬೇಡವೆನ್ನಲು ನೆವ ಸಿಗಲಿಲ್ಲ. ಹಾಗೆ ಬಂದವರು ರುಕ್ಕಕ್ಕ. ಅಕ್ಷರ ಬಾರದವರು, ಬೀಡಿ ಕಟ್ಟುವವರು. ಮಡಿಲಲ್ಲಿ ಮೊರದಂಥ ಗೆರಸೆ ಇಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಎಲೆ ಸುರುಟುತ್ತ ಕೂರುತ್ತಿದ್ದರು. ಅವರು ಬಾರದ ದಿನ ಅಕ್ಕನಿಗೆ ಪಾಠವಿಲ್ಲ. ದಿನಾ ಬೆಳಿಗ್ಗೆ ನಾನು ಗದ್ದೆಯಂಚಿನ ಬೇಲಿ ದಾಟುವ ತಡಮೆ ಹತ್ತಿ ನಿಂತು, ಅವರ ಸೀರೆ ಕಾಣುವವರೆಗೆ ಚಡಪಡಿಸುತ್ತಿದ್ದೆ. ನಮ್ಮದು ಒಂದೇ ಹಾಲಿನ ಶಾಲೆ. ಮೂರನೆಯ ತರಗತಿಯಲ್ಲಿ ಕೂತ ನನಗೆ ಎಲ್ಲವೂ ಕಾಣುತ್ತಿತ್ತು. ಮಾಸ್ಟ್ರೆದುರು ಅಕ್ಕನ ನಾಲಗೆಯೇ ಏಳುತ್ತಿರಲಿಲ್ಲ. ರುಕ್ಕಕ್ಕ ಅವಳ ಮುಖವನ್ನೊಮ್ಮೆ ನೋಡಿ, ಕೈ ನಿಲ್ಲಿಸದೆ ಗಂಡನಿಗೆ ಹೇಳುತ್ತಿದ್ದರು: "ಇವಳಿಗೆ ತಲೆಗೆ ಹೋಗ್ಲಿಲ್ಲ. ಇನ್ನೊಮ್ಮೆ ಹೇಳಿ." ಮಾಸ್ಟ್ರು ಮತ್ತೆ ಹೇಳುತ್ತಿದ್ದರು. ಮೊದಮೊದಲು ನಕ್ಕ ಹುಡುಗರು ಆಮೇಲೆ ಆ ಮಾತಿಗೇ ಕಾಯತೊಡಗಿದರು, ಅವರಿಗೂ ಅರ್ಥವಾಗಿರುತ್ತಿರಲಿಲ್ಲ.

ಅಕ್ಕ ಆ ವರ್ಷ ಶಾಲೆಗೇ ಮೊದಲಿಗಳಾಗಿ ಪಾಸಾದಳು. ಮುಂದೆ ಪುತ್ತಿಗೆಯಲ್ಲಿ ಟೀಚರಾದಳು. ಟೀಚರೋ ಮಾಸ್ಟ್ರೋ, ಯಾರು ಕಲಿಸಿದರೆ ಮಕ್ಕಳಿಗೆ ಹೆಚ್ಚು ಹತ್ತುತ್ತದೆ ಎಂದು ಯಾರಾದರೂ ವಾದಕ್ಕಿಳಿದರೆ ಎದ್ದು ಹೋಗುತ್ತಿದ್ದಳು. ಯಾಕೆಂದು ಒಮ್ಮೆ ಕೇಳಿದೆ. ಅಕ್ಕ ಅಂದಳು: "ನನಗೆ ಪಾಠ ಹತ್ತಿಸಿದ್ದು ರುಕ್ಕಕ್ಕ. ಒಂದು ವರ್ಷ ಶಾಲೆಯಲ್ಲೇ ಕೂತಿದ್ರು ಮಾರಾಯ್ತಿ. ಹೆಸರು ಬರೆಯ್ಲಿಕ್ಕಾದ್ರೂ ಕಲಿಸುವ ಅಂತ ನಮಗೆ ಯಾರಿಗೂ ಕಾಣ್ಲಿಲ್ಲ."

ಆಗಲೇ ರುಕ್ಕಕ್ಕ ತೀರಿಕೊಂಡು ಬಹಳ ವರ್ಷವಾಗಿತ್ತು.